ಟಿ ಕೋಶ ಪಾಠ ಕಲಿಯುವುದಿಲ್ಲ

ನಮಸ್ಕಾರ. ರೋಗಾಣುಗಳ ವಿರುದ್ಧ ಕಾದಾಡುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಬಲಿಯುವ ಥೈಮಸ್ ಗ್ರಂಥಿಯ ಬಗ್ಗೆ ನೀವು ಕಳಿಸಿದ ‘ಎದೆಯೊಳಗಿನ ಪಾಠಶಾಲೆ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು, ಎರಡನೇ ಸಲ ಸಿಟ್ಟು ಬಂತು. ಅದಕ್ಕೇ ‘ಪ್ರಕಟಿಸಲಾಗದು’ ಎಂದು ಒಂದು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಭಾಷೆ ತಿಳಿಯಾಗಿದೆ. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಆಗತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದದ್ದು, ಆ ಇಲಿಗಳು ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ಸುಮ್ಮನೆ ಇಟ್ಟುಕೊಂಡದ್ದು, ಇದನ್ನೆಲ್ಲ ಚೆನ್ನಾಗಿ ಹೇಳಿದ್ದೀರಿ. ಆ ಪ್ಯಾರಾ ಮುಟ್ಟಬೇಡಿ.

ನನ್ನ ತಕರಾರು ಮೂರನೇ ಪ್ಯಾರಾದ್ದು. ನಿಮ್ಮ ಸಾಲು: “ಮೂಳೆಮಜ್ಜೆಯಿಂದ ಬಂದ ಎಳೆಯ ಟಿ ಕೋಶಗಳು ಥೈಮಸ್ ಎಂಬ ಶಾಲೆಯಲ್ಲಿ ನಮ್ಮವರು ಯಾರು, ಪರರು ಯಾರು ಎಂದು ಕಲಿಯುತ್ತವೆ.” ಈ ‘ಕಲಿಯುತ್ತವೆ’ ನನ್ನನ್ನು ಚುಚ್ಚಿತು. ಕಲಿತದ್ದು ಯಾವ ಕೋಶ? ಪ್ರತಿ ಕೋಶವೂ ಜೀನಿನ ತುಣುಕುಗಳನ್ನು ಹೇಗೆಂದರೆ ಹಾಗೆ ಜೋಡಿಸಿಕೊಂಡು ತನ್ನದೊಂದು ರಿಸೆಪ್ಟರ್, ಅಂದರೆ ಬೇರೆ ಪ್ರೋಟೀನುಗಳನ್ನು ಹಿಡಿಯುವ ಕೊಂಡಿ, ಮಾಡಿಕೊಳ್ಳುತ್ತದೆ. ಅದು ನಮ್ಮ ದೇಹದ ಕೋಶಗಳು ಪ್ರೋಟೀನ್ ಚೂರುಗಳನ್ನು ಎತ್ತಿ ತೋರಿಸಲು ಬಳಸುವ ಎಂಎಚ್‌ಸಿ ಪ್ರೋಟೀನನ್ನು ಸ್ವಲ್ಪವೂ ಹಿಡಿಯದಿದ್ದರೆ ಕೋಶ ಸಾಯುತ್ತದೆ. ಸ್ವಂತ ದೇಹದ ಚೂರನ್ನು ತೀರಾ ಬಿಗಿಯಾಗಿ ಹಿಡಿದರೂ ಹೆಚ್ಚಾಗಿ ಸಾವೇ. 100ಕ್ಕೆ 95ಕ್ಕೂ ಜಾಸ್ತಿ ಕೋಶಗಳು ಹೊರಗೆ ಬರುವುದೇ ಇಲ್ಲ.

ಮುಂದಿನ ಸಾಲು: “ಫೇಲಾದ ಕೋಶಗಳನ್ನು ಥೈಮಸ್ ಮನೆಗೆ ಕಳಿಸುತ್ತದೆ.” ಯಾವ ಮನೆ? ಅವು ಅಲ್ಲೇ ಸಾಯುತ್ತವೆ, ಪಕ್ಕದ, ಸತ್ತದ್ದನ್ನು ನುಂಗುವ ಮ್ಯಾಕ್ರೋಫೇಜ್‌ಗಳು ಅಲ್ಲೇ ತಿಂದು ಮುಗಿಸುತ್ತವೆ. ಅಷ್ಟು ದೊಡ್ಡ ಸಾವನ್ನು ನೀವು ಒಂದು ಮುದ್ದಾದ ಪದದ ಹಿಂದೆ ಬಚ್ಚಿಟ್ಟಿರಿ.

ಹೋಲಿಕೆ ಬೇಕೇ ಬೇಕು ಅಂದರೆ ಅಕ್ಕಿ ಹಸನು ಮಾಡುವುದನ್ನು ನೆನಪಿಸಿಕೊಳ್ಳಿ. ಮೊದಲು ಮೊರದಲ್ಲಿ ಕೇರುತ್ತಾರೆ, ಜೊಳ್ಳು ಹಾರಿಹೋಗುತ್ತದೆ. ಆಮೇಲೆ ಕೂತು ಕಲ್ಲು ಆರಿಸುತ್ತಾರೆ. ಕೊನೆಗೆ ಉಳಿದ ಅಕ್ಕಿ ಒಳ್ಳೆಯದು, ಆದರೆ ಅದು ಮೊರದಲ್ಲಿ ಏನನ್ನೂ ಕಲಿಯಲಿಲ್ಲ, ಅಲ್ವಾ? ಈ ಹೋಲಿಕೆಯೂ ಒಂದು ಕಡೆ ನಿಲ್ಲುತ್ತದೆ. ಬಿಗಿಯಾಗಿ ಹಿಡಿಯುವ ಕೋಶಗಳಲ್ಲಿ ಕೆಲವು ಸಾಯದೆ ಬೇರೆ ದಾರಿ ಹಿಡಿದು, ಉಳಿದ ಟಿ ಕೋಶಗಳನ್ನು ತಡೆಯುವ ನಿಯಂತ್ರಕ ಕೋಶಗಳಾಗುತ್ತವೆ. ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ 1995ರಲ್ಲಿ ಗುರುತಿಸಿ ತೋರಿಸಿದ್ದು ಈ ನಿಯಂತ್ರಕರನ್ನೇ. 2025ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಹೋಲಿಕೆ ಎಲ್ಲಿ ಮುರಿಯುತ್ತದೋ ಅದನ್ನೂ ಓದುಗರಿಗೆ ಹೇಳಿಬಿಡಿ.

ನನಗೇಕೆ ಒಂದು ಕ್ರಿಯಾಪದದ ಮೇಲೆ ಇಷ್ಟು ಹಟ ಅಂತ ಹೇಳುತ್ತೇನೆ. ಒಂದು ಪತ್ರಿಕೆಯ ಡೆಸ್ಕಿಗೆ ಸೇರಿದ ಹೊಸದರಲ್ಲಿ ಮಲೇರಿಯಾ ಬಗ್ಗೆ ಬರೆದಿದ್ದೆ. “ಡಿಡಿಟಿಯನ್ನು ತಾಳಿಕೊಳ್ಳುವುದನ್ನು ಸೊಳ್ಳೆಗಳು ಕಲಿತಿವೆ” ಅನ್ನುವ ಸಾಲು ಅದರಲ್ಲಿತ್ತು. ನಮ್ಮ ಹಿರಿಯ ಉಪಸಂಪಾದಕರು ‘ಕಲಿತಿವೆ’ ಕೆಳಗೆ ಕೆಂಪು ಗೆರೆ ಎಳೆದು ಕೇಳಿದರು, “ಯಾವ ಸೊಳ್ಳೆ ಕಲೀತು? ಸತ್ತಿದ್ದಾ, ಉಳಿದಿದ್ದಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದು ರಾತ್ರಿ ಬಸ್ಸಿನಲ್ಲಿ, ಮನೆಯಲ್ಲಿ, ಊಟ ಮಾಡುವಾಗಲೂ ಅದೇ ಪ್ರಶ್ನೆ. ಬೆಳಿಗ್ಗೆ ಬರೆದದ್ದು ಇಷ್ಟು: ಔಷಧಿ ಹೊಡೆದಾಗ ಸಾಯದೆ ಉಳಿದ ಸೊಳ್ಳೆಗಳ ಸಂತಾನ ಈಗ ಹೆಚ್ಚಾಗಿದೆ. ಅವರು ಏನೂ ಹೇಳದೆ ಕಾಪಿಯನ್ನು ಮುಂದಕ್ಕೆ ಕಳಿಸಿದರು. ಆ ದಿನದ ಸಮಾಧಾನ ಇನ್ನೂ ನೆನಪಿದೆ. ನಿಮ್ಮ ಟಿ ಕೋಶಗಳದ್ದೂ ಅದೇ ಕತೆ.

ಇನ್ನೊಂದು ಸಾಲು ಇದೆ, ಅದಂತೂ ನನಗೆ ತುಂಬಾ ನೋವು ಕೊಟ್ಟಿತು: “ಥೈಮಸ್ ಅವುಗಳಿಗೆ ದೇಹದ ಎಲ್ಲ ಅಂಗಗಳ ಪರಿಚಯ ಮಾಡಿಸುತ್ತದೆ.” ಅಷ್ಟೇ ಹೇಳಿ ಮುಂದೆ ಹೋಗಿದ್ದೀರಿ! ಎದೆಮೂಳೆಯ ಹಿಂದೆ, ಹೃದಯದ ಮೇಲುಗಡೆ ಕೂತ ಗ್ರಂಥಿ, ಹೊಟ್ಟೆಯಲ್ಲಿರುವ ಮೇದೋಜೀರಕ ಗ್ರಂಥಿಯನ್ನು ಹೇಗೆ ಪರಿಚಯ ಮಾಡಿಸುತ್ತದೆ? ಇಡೀ ಲೇಖನದ ಜೀವ ಇಲ್ಲೇ ಇದೆ. ಥೈಮಸ್‌ನ ಒಳಭಾಗದ ಕೆಲವು ಕೋಶಗಳು ಮೇದೋಜೀರಕ ಗ್ರಂಥಿ ಮಾಡುವ, ತಮಗೆ ಬೇಕಿಲ್ಲದ ಇನ್ಸುಲಿನ್ನನ್ನು ಒಂದಿಷ್ಟು ತಾವೇ ತಯಾರಿಸುತ್ತವೆ. ಹೀಗೆ ಬೇರೆ ಬೇರೆ ಅಂಗಗಳ ಎಷ್ಟೋ ಪ್ರೋಟೀನುಗಳನ್ನು ಮಾಡಿ ತೋರಿಸುತ್ತವೆ. ಇನ್ಸುಲಿನ್ ಚೂರನ್ನು ಬಿಗಿಯಾಗಿ ಹಿಡಿದ ಟಿ ಕೋಶ ಹೊರಗೆ ಹೋಗುವ ಮೊದಲೇ ಸಿಕ್ಕಿಬೀಳುತ್ತದೆ. ಇಂಥ ಹಲವು ಜೀನುಗಳನ್ನು ಅಲ್ಲಿ ಚಾಲೂ ಮಾಡುವುದು ಏರ್ ಎಂಬ ಜೀನು, 1997ರಲ್ಲಿ ಗುರುತಿಸಿದ್ದು. ಈ ಒಂದು ಜೀನು ಕೆಟ್ಟು ಹುಟ್ಟಿದವರಲ್ಲಿ ಸ್ವಂತ ಟಿ ಕೋಶಗಳೇ ಅಡ್ರಿನಲ್, ಪ್ಯಾರಾಥೈರಾಯ್ಡ್ ಗ್ರಂಥಿಗಳ ಮೇಲೆ ಬೀಳುತ್ತವೆ. ಕಾಯಿಲೆ ಅಪರೂಪದ್ದು, ಫಿನ್ಲೆಂಡಿನಲ್ಲಿ ಬೇರೆ ಕಡೆಗಿಂತ ಜಾಸ್ತಿ. ಹೆಚ್ಚಾಗಿ ಮಕ್ಕಳಲ್ಲೇ ಶುರುವಾಗುತ್ತದೆ.

ಇಷ್ಟನ್ನು ‘ಪರಿಚಯ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಓದುಗರಿಗೆ ಏನು ಸಿಕ್ಕಿತು?

ಶೀರ್ಷಿಕೆ, ಕೊನೆಯ ಪ್ಯಾರಾ, ಉಳಿದ ಸಣ್ಣಪುಟ್ಟದ್ದನ್ನೆಲ್ಲ ಈಗ ಎತ್ತುವುದಿಲ್ಲ. ಥೈಮಸ್‌ನಲ್ಲಿ ಇನ್ಸುಲಿನ್ ಯಾಕೆ ಅನ್ನುವ ಪ್ರಶ್ನೆಯಿಂದ ಶುರು ಮಾಡಿ, ಶಾಲೆಯನ್ನು ಪೂರ್ತಿ ತೆಗೆದು, ಇನ್ನೊಮ್ಮೆ ಬರೆಯಿರಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಾಲ್ಕು ಪುಟ ಇಟ್ಟಿರುತ್ತೇನೆ.