ಮಳೆ ಪುಸ್ತಕದ 1.5 ಮತ್ತು ಇತರ ಪ್ರಶ್ನೆಗಳು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎಐ ಬರೆದ ಪ್ರೋಗ್ರಾಂಗಳ ಬಗ್ಗೆಯೇ. ಚಿಕ್ಕಮಗಳೂರಿನಲ್ಲಿ ಕೂತು ಕಾಫಿ ವ್ಯಾಪಾರಿಗಳಿಗೆ, ತೋಟಗಳಿಗೆ ಸಾಫ್ಟ್‌ವೇರ್ ಬರೆಯುವವರ ಉತ್ತರ ಇದು. ದೊಡ್ಡ ಕಂಪನಿಯವರು ಬೇರೆ ಹೇಳಬಹುದು.

ಪ್ರಶ್ನೆ: ನಮ್ಮ ತೋಟದ ಮಳೆ ಲೆಕ್ಕ ಅಪ್ಪನ ಕಾಲದಿಂದಲೂ ಪುಸ್ತಕದಲ್ಲಿದೆ. ಬೆಂಗಳೂರಿನಲ್ಲಿರುವ ಮಗ ಎಐಗೆ ಹೇಳಿ ಒಂದೇ ಸಂಜೆಯಲ್ಲಿ ಆ್ಯಪ್ ಮಾಡಿಸಿಕೊಟ್ಟ. ನೋಡಲು ಚೆನ್ನಾಗಿದೆ. ಆದರೆ ಏಪ್ರಿಲ್ ತಿಂಗಳ ಮೊತ್ತ ಪುಸ್ತಕಕ್ಕೂ ಆ್ಯಪ್‌ಗೂ ತಾಳೆ ಆಗುತ್ತಿಲ್ಲ. ಎಐಗೆ ಕೂಡುವ ಲೆಕ್ಕವೂ ಬರುವುದಿಲ್ಲವೇ?
- ಕಾಫಿ ಬೆಳೆಗಾರರು, ಮೂಡಿಗೆರೆ

ನೀವು ಕಳಿಸಿದ ಪುಟದ ಫೋಟೊ ನೋಡಿದೆ. ಕೂಡಿದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು ಓದಿಕೊಂಡದ್ದರಲ್ಲಿ. '1.5' ಅಂತ ಬರೆದಿರುವ ಸಾಲು ನೋಡಿ. ನಿಮ್ಮ ಪುಸ್ತಕದಲ್ಲಿ ಅದು ಒಂದು ಇಂಚು ಐದು ಸೆಂಟು. ಆ್ಯಪ್ ಅದನ್ನು ಒಂದೂವರೆ ಇಂಚು ಅಂದುಕೊಂಡಿದೆ. ಇಂಚಿಗೆ ನೂರು ಸೆಂಟು ಅಲ್ವಾ? ಒಂದೇ ಸಾಲಿನಲ್ಲಿ 45 ಸೆಂಟು, ಅಂದರೆ 11 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುಮ್ನೆ ಸುರಿದುಬಿಟ್ಟಿದೆ. ಇದರ ತಿರುಗುಮುರುಗು ಇನ್ನೊಂದಿದೆ. ಒಂದು ಇಂಚು ಹತ್ತು ಸೆಂಟನ್ನು ನೀವು '1.10' ಅಂತ ಹಾಕಿದರೆ ಆ್ಯಪ್ ಕೊನೆಯ ಸೊನ್ನೆ ತೆಗೆದು '1.1' ಅಂತ ತೋರಿಸುತ್ತದೆ. ನೀವು ಅದನ್ನು ಒಂದು ಇಂಚು ಒಂದು ಸೆಂಟು ಅಂತ ಓದುತ್ತೀರಿ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಸಾಕಾಯಿತೋ, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಇಡಬೇಕೋ ಅಂತ ಯೋಚಿಸುವ ಹೊತ್ತಿನಲ್ಲಿ ಇಷ್ಟು ಹೆಚ್ಚುಕಮ್ಮಿ ಆದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮಗನನ್ನು ಬೈಯಬೇಡಿ. ಎಐ ಕಲಿತಿರುವುದು ಪ್ರಪಂಚದ ರಾಶಿ ರಾಶಿ ಕೋಡ್ ಓದಿ. ಅಲ್ಲೆಲ್ಲ 1.5 ಅಂದರೆ ಒಂದೂವರೆಯೇ. ಮಲೆನಾಡಿನ ಮಳೆ ಪುಸ್ತಕದಲ್ಲಿ ಚುಕ್ಕಿಯ ಆಚೆ ಇರುವುದು ಬೇರೆ ಲೆಕ್ಕ ಅಂತ ಅದಕ್ಕೆ ಯಾರೂ ಹೇಳಲಿಲ್ಲ, ಅದೂ ಕೇಳಲಿಲ್ಲ. ನನಗೆ ಸಿಟ್ಟು ಬರುವುದು ಈ ಎರಡನೆಯದಕ್ಕೆ. ಮನುಷ್ಯನಾದರೆ ಪುಸ್ತಕ ನೋಡಿ 'ಇದೇನು ಸಾರ್, ಸೆಂಟು ಅಂದರೆ?' ಅನ್ನುತ್ತಿದ್ದ. ಇದು ಕೇಳುವುದು ಕಡಿಮೆ, ಊಹಿಸಿಕೊಂಡು ಮುಂದೆ ಹೋಗುವುದು ಜಾಸ್ತಿ. ಹಾಗಾಗಿ ಮಗನಿಗೆ ಹೇಳಿ: ಮೊದಲ ಸಾಲಿನಲ್ಲೇ 'ಬರೆಯುವ ಮೊದಲು ಅನುಮಾನ ಇರುವುದನ್ನೆಲ್ಲ ನನ್ನನ್ನು ಕೇಳು' ಅಂತ ಹಾಕಲಿ. ಪುಸ್ತಕದ ಪುಟವನ್ನೂ ಕೊಡಲಿ.

ರಿಪೇರಿ ಸುಲಭ. ಆ್ಯಪ್‌ನಲ್ಲಿ ತುಂಬಲು ಇಂಚಿಗೆ ಒಂದು ಡಬ್ಬಿ, ಸೆಂಟಿಗೆ ಒಂದು ಡಬ್ಬಿ ಇರಲಿ. ಒಳಗೆ ಎಲ್ಲವನ್ನೂ ಸೆಂಟಿನಲ್ಲೇ, ಪೂರ್ಣ ಸಂಖ್ಯೆಯಾಗಿ ಇಡಲಿ. 1 ಇಂಚು 5 ಸೆಂಟು ಅಂದರೆ 105. ತೋರಿಸುವಾಗ ಮಾತ್ರ ಇಂಚು ಮಾಡಲಿ. ಮುಂದೆ ವಾರದ ಬಟವಾಡೆಯನ್ನೂ ಇದಕ್ಕೆ ಸೇರಿಸುವ ಆಸೆ ಇದ್ದರೆ ಅಲ್ಲೂ ಇದೇ ಕ್ರಮ, ದುಡ್ಡನ್ನು ಪೈಸೆಯಲ್ಲಿ ಇಡಬೇಕು. ಕಂಪ್ಯೂಟರಿನ ದಶಾಂಶ ಲೆಕ್ಕ ಎರಡರ ಘಾತದಲ್ಲಿ ನಡೆಯುವುದರಿಂದ 0.1ಕ್ಕೆ 0.2 ಕೂಡಿಸಿದರೆ ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.30000000000000004 ಬರುತ್ತದೆ. ಕೂಲಿ ಲೆಕ್ಕದ ಚೆಕ್‌ರೋಲ್‌ನಲ್ಲಿ ಎಂಟಾಣೆ ವ್ಯತ್ಯಾಸ ಬಂದರೂ ಜಗಳ ಗ್ಯಾರಂಟಿ.

ಇನ್ನೊಂದು ಮಾತು. ನಿಮ್ಮ ಅಪ್ಪ ಕೈಯಲ್ಲೇ ಕೂಡಿ ಮೊತ್ತ ಬರೆದಿಟ್ಟ ಹಳೆಯ ಪುಟಗಳಿವೆಯಲ್ಲ, ಅವೇ ನಿಮಗೆ ಸಿಗುವ ಅತ್ಯುತ್ತಮ ಪರೀಕ್ಷೆ. ಅವನ್ನು ಟೆಸ್ಟ್ ಆಗಿ ಹಾಕಿಸಿ. ಕೋಡನ್ನೂ ಟೆಸ್ಟನ್ನೂ ಎರಡನ್ನೂ ಎಐ ಕೈಯಲ್ಲೇ ಬರೆಸಿದರೆ 1.5 ಅನ್ನು ಎರಡು ಕಡೆಯೂ ಒಂದೂವರೆ ಅಂತಲೇ ಬರೆದು, ಹಸಿರು ಟಿಕ್ ಹಾಕಿ, 'ಎಲ್ಲ ಸರಿಯಿದೆ' ಅನ್ನುತ್ತದೆ. ಮಗ ಮಾಡಿದ ಕೆಲಸಕ್ಕೆ 'ವೈಬ್ ಕೋಡಿಂಗ್' ಅಂತ ಹೆಸರಿದೆ. ಕೋಡ್ ಓದದೆ ಎಐಗೆ ಹೇಳುತ್ತಾ ಹೋಗುವುದು. 2025ರ ಫೆಬ್ರವರಿಯಲ್ಲಿ ಈ ಹೆಸರಿಟ್ಟ ಎಐ ಸಂಶೋಧಕ ಆಂಡ್ರೇ ಕರ್ಪಾತಿಯವರೇ, ವಾರಾಂತ್ಯದಲ್ಲಿ ಮಾಡಿ ಬಿಸಾಕುವ ಪ್ರಾಜೆಕ್ಟುಗಳಿಗೆ ಇದು ಪರವಾಗಿಲ್ಲ ಅಂದಿದ್ದರು. ನಿಮ್ಮ ಮಳೆ ಪುಸ್ತಕ ಬಿಸಾಕುವಂಥದ್ದಲ್ಲ.

ಪ್ರಶ್ನೆ: ನಮ್ಮ ಸಹಕಾರ ಸಂಘದಲ್ಲಿ ಸುಮಾರು ಆರುನೂರು ಸದಸ್ಯರು. ಸಾಫ್ಟ್‌ವೇರ್ ಮಾಡಲು ಬಂದವರು 'ಮೈಕ್ರೊಸರ್ವಿಸ್, ಕುಬರ್ನೆಟಿಸ್' ಎಂದೆಲ್ಲ ಬರೆದು ದೊಡ್ಡ ಕೊಟೇಶನ್ ಕೊಟ್ಟಿದ್ದಾರೆ. ಇದು ಬೇಕೇ?
- ಕಾರ್ಯದರ್ಶಿ, ಅರಸೀಕೆರೆ

ಬೇಡ. ಒಂದು ಪ್ರೋಗ್ರಾಂ, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದು ಸಾಧಾರಣ ಸರ್ವರ್ ಸಾಕು.

ಮೈಕ್ರೊಸರ್ವಿಸ್ ಅಂದರೆ ಒಂದೇ ತಂತ್ರಾಂಶವನ್ನು ಹತ್ತಾರು ಚಿಕ್ಕ ಸರ್ವಿಸ್‌ಗಳಾಗಿ ಒಡೆಯುವುದು. ಅವನ್ನೆಲ್ಲ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ ಕುಬರ್ನೆಟಿಸ್. ಈ ಪದ್ಧತಿ ಬೆಳೆದದ್ದು ನೂರಾರು ಇಂಜಿನಿಯರುಗಳಿರುವ ಕಡೆ. ಒಂದು ತಂಡ ಇನ್ನೊಂದಕ್ಕೆ ಕಾಯದೆ ಕೆಲಸ ಮಾಡಲಿ ಅಂತ. ಸಂಸ್ಥೆ ಹೇಗಿದೆಯೋ ಅದರ ಸಾಫ್ಟ್‌ವೇರೂ ಹಾಗೇ ಆಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್‌ವೇ 1968ರಲ್ಲೇ ಬರೆದರು. ಇಬ್ಬರು ಬರೆಯುವ ಸಾಫ್ಟ್‌ವೇರಿಗೆ ಹನ್ನೆರಡು ಸರ್ವಿಸ್ ಯಾಕೆ? ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡ ವಿಡಿಯೊ ಗುಣಮಟ್ಟ ನೋಡುವ, ಚೂರು ಚೂರಾಗಿದ್ದ ತಮ್ಮ ವ್ಯವಸ್ಥೆಯನ್ನು ಒಂದೇ ಪ್ರೋಗ್ರಾಂ ಮಾಡಿ, ಅದರ ಖರ್ಚು 90 ಶೇಕಡಾಕ್ಕಿಂತ ಹೆಚ್ಚು ಇಳಿಯಿತು ಅಂತ 2023ರಲ್ಲಿ ತಾನೇ ಬರೆಯಿತು. ಕ್ಲೌಡ್ ಬಾಡಿಗೆಗೆ ಕೊಡುವವರ ಮನೆಯಲ್ಲೇ ಹೀಗೆ!

ಈಗ ಒಂದು ಹೊಸ ಕಾಟವೂ ಇದೆ. ಮೊದಲು ಹನ್ನೆರಡು ಸರ್ವಿಸ್ ಬರೆಯಲು ಕೈ ನೋಯುತ್ತಿತ್ತು, ಆ ಭಯಕ್ಕಾದರೂ ಬಿಡುತ್ತಿದ್ದರು. ಎಐ ಬಂದ ಮೇಲೆ ಮಧ್ಯಾಹ್ನದ ಊಟದೊಳಗೆ ಬರೆದು ಕೊಡುತ್ತಾರೆ. ಬರೆಯುವುದು ಅಗ್ಗವಾಯಿತು, ರಾತ್ರಿ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು ಅಗ್ಗವಾಗಿಲ್ಲ.

ದುಡ್ಡನ್ನು ಎರಡು ಕಡೆ ಹಾಕಿ. ಒಂದು, ದಿನಾ ಬ್ಯಾಕಪ್, ಮತ್ತು ಆ ಬ್ಯಾಕಪ್‌ನಿಂದ ಎಲ್ಲವೂ ವಾಪಸ್ ಬರುತ್ತದೆಯೇ ಅಂತ ಆಗಾಗ ಮಾಡಿ ನೋಡುವುದು. ಎರಡು, ನೆಟ್‌ವರ್ಕ್ ಹೋದಾಗಲೂ ರಸೀದಿ ಹಾಕುವ ಸೌಕರ್ಯ. ಪ್ರತಿ ರಸೀದಿಗೂ ಮೊಬೈಲಿನಲ್ಲೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟಬೇಕು. ಸಿಗ್ನಲ್ ಬಂದಾಗ ಅದೇ ರಸೀದಿ ಎರಡು ಸಲ ಹೋದರೂ ಸರ್ವರ್ ಆ ಸಂಖ್ಯೆ ನೋಡಿ ಒಂದೇ ಸಲ ಜಮಾ ಮಾಡಿಕೊಳ್ಳಬೇಕು. ಕೊಟೇಶನ್ ಕೊಟ್ಟವರನ್ನು ಇದೊಂದು ಕೇಳಿ. ಉತ್ತರ ಹೇಗೆ ಬರುತ್ತದೆ ನೋಡಿ, ಅವರ ಯೋಗ್ಯತೆ ಗೊತ್ತಾಗುತ್ತದೆ.

ಪ್ರಶ್ನೆ: ಬಿ.ಇ. ಕೊನೆಯ ವರ್ಷ ಓದುತ್ತಿದ್ದೇನೆ. ಕೋಡ್ ಎಲ್ಲ ಎಐ ಬರೆಯುವಾಗ ಡೇಟಾ ಸ್ಟ್ರಕ್ಚರ್ ಓದಿ ಏನು ಪ್ರಯೋಜನ? ಕೆಲಸ ಸಿಗುತ್ತದಾ?
- ವಿದ್ಯಾರ್ಥಿನಿ, ಹಾಸನ

ನೋಡಮ್ಮ, ಕೆಲಸದ ಭವಿಷ್ಯ ಹೇಳಲು ನಾನು ಜ್ಯೋತಿಷಿ ಅಲ್ಲ. ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ. 2025ರಲ್ಲಿ ಮೆಟರ್ ಎಂಬ ಸಂಸ್ಥೆ 16 ಮಂದಿ ಅನುಭವಿ ಡೆವಲಪರುಗಳಿಗೆ ಅವರದೇ ಪ್ರಾಜೆಕ್ಟುಗಳ 246 ಕೆಲಸ ಕೊಟ್ಟಿತು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಇಲ್ಲ. ಎಐ ಇದ್ದಾಗ 19 ಶೇಕಡಾ ಜಾಸ್ತಿ ಹೊತ್ತು ಹಿಡಿಯಿತು. ತಮಾಷೆ ಏನೆಂದರೆ, ಮುಗಿದ ಮೇಲೂ ಅವರು ತಾವು 20 ಶೇಕಡಾ ಬೇಗ ಮುಗಿಸಿದೆವು ಅಂದುಕೊಂಡಿದ್ದರು. ಟೂಲ್‌ಗಳು ಆಮೇಲೆ ಬೇಗ ಬೇಗ ಬದಲಾಗಿವೆ, ಹದಿನಾರು ಜನ ಪ್ರಪಂಚವೂ ಅಲ್ಲ. ಆದರೆ ಬೇಗ ಆಯಿತು ಅನ್ನಿಸುವುದಕ್ಕೂ ಬೇಗ ಆಗುವುದಕ್ಕೂ ನಡುವೆ ಇಷ್ಟು ದೂರ ಇರಬಹುದು ಅಂತ ಗೊತ್ತಾಯಿತಲ್ಲ, ಅದನ್ನು ಇಟ್ಟುಕೋ.

ಡೇಟಾ ಸ್ಟ್ರಕ್ಚರ್, ಅಂದರೆ ಮಾಹಿತಿಯನ್ನು ಜೋಡಿಸಿಡುವ ಕ್ರಮಗಳನ್ನು, ಓದು. ಪರೀಕ್ಷೆಗಲ್ಲ, ಎಐ ಕೊಟ್ಟದ್ದು ಹತ್ತು ಸಾಲಿಗೆ ಓಡಿ ಹತ್ತು ಲಕ್ಷ ಸಾಲಿಗೆ ಯಾಕೆ ನಿಲ್ಲುತ್ತದೆ ಅಂತ ತಿಳಿಯಲು. ಅದು ಕೊಡುವ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹೆಸರುಗಳನ್ನು ಇನ್‌ಸ್ಟಾಲ್ ಮಾಡುವ ಮೊದಲು ಹುಡುಕಿ ನೋಡು. ಇಲ್ಲದ ಪ್ಯಾಕೇಜನ್ನೂ ಇದೆ ಅಂತ ಹೇಳುವ ಚಾಳಿ ಇದಕ್ಕಿದೆ, ಅಂಥ ಹೆಸರಿನಲ್ಲಿ ಕಳ್ಳ ಕೋಡ್ ತುಂಬಿಟ್ಟು ಯಾರಾದರೂ ಕಾಯುತ್ತಿರಬಹುದು. ನಾನು ಕೆಲಸಕ್ಕೆ ಬಂದವರಿಗೆ ಕೇಳುವುದು ಇಷ್ಟೇ: ನಿಮ್ಮ ಪ್ರಾಜೆಕ್ಟ್ ತೆರೆಯಿರಿ, ಈ ಒಂದು ಸಾಲು ಅಳಿಸಿದರೆ ಏನಾಗುತ್ತದೆ ಹೇಳಿ. ಎಐ ಬಳಸಿದ್ದೀರಾ ಅಂತ ಕೇಳುವುದೇ ಇಲ್ಲ.

ಪ್ರಶ್ನೆ: ನಮ್ಮ ಕಾಫಿ ಮಂಡಿಯ ಲೆಕ್ಕ ಹಳೆಯ ವಿಬಿ ಸಿಕ್ಸ್ ಪ್ರೋಗ್ರಾಂನಲ್ಲಿದೆ. ಬರೆದವರು ಈಗ ಸಿಗುವುದಿಲ್ಲ. ಪಾರ್ಟಿಗಳ ಹೆಸರು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಎಐ ಇದನ್ನು ಹೊಸದಾಗಿ ಬರೆದುಕೊಡುತ್ತದೆಯೇ?
- ವ್ಯಾಪಾರಿ, ಚಿಕ್ಕಮಗಳೂರು

ಎಐ ನನಗೆ ನಿಜವಾಗಿ ಇಷ್ಟವಾಗುವ ಜಾಗ ಇದು. ಬರೆಯುವುದಕ್ಕಿಂತ ಓದುವುದರಲ್ಲಿ ಅದು ಜಾಣ. ವಿಬಿ ಸಿಕ್ಸ್, ಅಂದರೆ ಮೈಕ್ರೊಸಾಫ್ಟಿನ ವಿಷುಯಲ್ ಬೇಸಿಕ್ 6 ಎಂಬ ಪ್ರೋಗ್ರಾಮಿಂಗ್ ಭಾಷೆ, 1998ರದ್ದು. ಅದರಲ್ಲಿ ಪ್ರೋಗ್ರಾಂ ಬರೆಯುವ ಉಪಕರಣಕ್ಕೆ ಮೈಕ್ರೊಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರಲ್ಲಿ. ಈಗಿನ ಹುಡುಗರು ಅದನ್ನು ಕಂಡೇ ಇಲ್ಲ. ಎಐಗೆ ಕೊಟ್ಟು 'ದುಡ್ಡು, ತೂಕ ಬದಲಾಗುವ ಜಾಗಗಳನ್ನೆಲ್ಲ ತೋರಿಸು, ಏನನ್ನೂ ತಿದ್ದಬೇಡ' ಅನ್ನಿ. ಬರುವ ಪಟ್ಟಿಯನ್ನು ನಿಮ್ಮ ಹಳೆಯ ಗುಮಾಸ್ತರ ಮುಂದೆ ಇಡಿ. ಇಂಥ ಪ್ರೋಗ್ರಾಂಗಳಲ್ಲಿ 'ಪಾರ್ಟಿ ನಂಬರ್ 17 ಆದರೆ ಮೂಟೆಗೆ ಅರ್ಧ ಕೆ.ಜಿ. ಕಳೆ' ಅನ್ನುವಂಥ ಸಾಲು ಇರುತ್ತದೆ. ಎಐ ಅದನ್ನು ಕಸ ಅಂತ ಗುಡಿಸಿ ಹಾಕಬಹುದು. ಗುಮಾಸ್ತರು ನಗುತ್ತಾ ಹಿಂದಿನ ಕಥೆ ಹೇಳುತ್ತಾರೆ. ಹೊಸದು ಬಂದ ಮೇಲೂ ಒಂದು ಸೀಸನ್ ಎರಡನ್ನೂ ಜೊತೆಯಲ್ಲಿ ಓಡಿಸಿ.

ನುಡಿಯ ಹೆಸರುಗಳನ್ನು ಮಾತ್ರ ಎಐಗೆ ಕೊಡಬೇಡಿ. ಹಳೆಯ ನುಡಿ ಫಾಂಟಿನ ಅಕ್ಷರ ಕಂಪ್ಯೂಟರಿನ ಕಣ್ಣಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಅದನ್ನು ಯುನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಈಗಿನ ಪದ್ಧತಿ) ತರಲು ನಿಗದಿತ ನಿಯಮದ ಕನ್ವರ್ಟರ್‌ಗಳಿವೆ. ಅವು ಹೆಸರನ್ನು ಇದ್ದ ಹಾಗೇ ತರುತ್ತವೆ. ಎಐ 'ತಿದ್ದಿ' ಕೊಡುತ್ತದೆ, ಬಾಕಿ ಒಬ್ಬರದ್ದು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ಪ್ರಶ್ನೆ: ಎಐ ಬರೆದ ಪ್ರೋಗ್ರಾಂನಲ್ಲಿ ರಸೀದಿ ಮೇಲೆ ನಮ್ಮ ಸಂಘದ ಹೆಸರು 'ಸ್ತ್ರೀ ಶಕ್ತಿ ಸ್' ಅಂತ ಅರ್ಧಕ್ಕೇ ನಿಲ್ಲುತ್ತದೆ. ಯಾಕೆ?
- ಸ್ವಸಹಾಯ ಸಂಘದ ಸದಸ್ಯೆ, ಬೇಲೂರು

ಹೆಸರನ್ನು 15 ಅಕ್ಷರಕ್ಕೆ ಕತ್ತರಿಸು ಅಂತ ಅದರಲ್ಲಿದೆ. ನಿಮಗೆ 'ಸ್ತ್ರೀ' ಒಂದೇ ಅಕ್ಷರ. ಯುನಿಕೋಡಿಗೆ ಆರು: ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ತ, ವಿರಾಮ, ರ, ದೀರ್ಘ ಈಕಾರ. ಹಾಗೆ ಎಣಿಸಿಕೊಂಡು ಹೋದರೆ ಹದಿನೈದನೆಯದು ಸರಿಯಾಗಿ 'ಸ್ವಸಹಾಯ'ದ ಮೊದಲ ವಿರಾಮಕ್ಕೆ ಬಂದು ನಿಲ್ಲುತ್ತದೆ. ಬರೆದುಕೊಟ್ಟವರಿಗೆ ಹೇಳಿ, ಅಕ್ಷರ ಎಣಿಸುವುದು ಬೇಡ, ಕಾಗದದ ಅಗಲ ಅಳೆದು ಪದ ಮುಗಿದಲ್ಲಿ ಎರಡನೇ ಸಾಲಿಗೆ ಇಳಿಸಲಿ. ಚಿಕ್ಕ ಪ್ರಿಂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ರಸೀದಿಯನ್ನು ಚಿತ್ರವಾಗಿ ಕಳಿಸಲಿ.