ಕಡಿಮೆ ಕೂಗುವ ಹುಂಜ ಸಿಗುತ್ತದೆಯೇ?

ಪ್ರಶ್ನೆ: ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ 40×60 ಅಡಿ ನಿವೇಶನದ ಮನೆ ನಮ್ಮದು. ಹಿತ್ತಲಿನಲ್ಲಿ ಏಳು ನಾಟಿ ಹೇಂಟೆಗಳೂ ಒಂದು ಹುಂಜವೂ ಇವೆ. ಹುಂಜ ನಸುಕಿನ ನಾಲ್ಕು ಗಂಟೆಗೇ ಕೂಗಲಾರಂಭಿಸುವುದರಿಂದ ಪಕ್ಕದ ಮನೆಯ ಹಿರಿಯರ ನಿದ್ದೆ ಕೆಡುತ್ತಿದೆ ಎಂದು ದೂರು ಬಂದಿದೆ. ಇದನ್ನು ಮಾರಿ, ಕಡಿಮೆ ಕೂಗುವ ತಳಿಯ ಹುಂಜ ತರಬೇಕೆಂದಿದ್ದೇವೆ. ಯಾವ ತಳಿ ಸೂಕ್ತ?
— ಓದುಗರೊಬ್ಬರು, ಮೈಸೂರು

ಉತ್ತರ: ಕೂಗದ ಹುಂಜದ ತಳಿ ಎಂಬುದು ಎಲ್ಲಿಯೂ ಇಲ್ಲ, ಹಾಗೆಂದು ಹೇಳಿ ಮಾರುವವರನ್ನು ನಂಬಬೇಡಿ. ಬ್ರಹ್ಮ, ಕೊಚಿನ್‌ನಂತಹ ಭಾರೀ ಮೈಯ ತಳಿಗಳ ದನಿ ತಗ್ಗಿನದಾಗಿದ್ದು, ಕಿರುಗಾತ್ರದ ಬ್ಯಾಂಟಂ ಹುಂಜಗಳ ಕೂಗು ಕಿವಿಗೆ ಚುಚ್ಚುವಂತಿರುತ್ತದೆ ಎಂಬುದು ನಿಜ. ಆದರೆ ಒಂದೇ ಕಾವಿನಲ್ಲಿ ಹುಟ್ಟಿದ ಎರಡು ಹುಂಜಗಳ ನಡುವೆಯೂ ಇಷ್ಟೇ ವ್ಯತ್ಯಾಸವಿರಬಹುದು.

ಅದಕ್ಕೂ ಮೊದಲು, ಹುಂಜ ನಿಮಗೆ ಬೇಕೇ ಎಂಬುದನ್ನು ಯೋಚಿಸಿ. ಹೇಂಟೆಗಳು ಮೊಟ್ಟೆಯಿಡಲು ಹುಂಜ ಬೇಕಾಗಿಲ್ಲ, ಮರಿ ಮಾಡಿಸಲು ಮಾತ್ರ ಬೇಕು. ಹುಂಜದೊಡನೆ ಕೂಡಿದ ಹೇಂಟೆಯ ಒಡಲಲ್ಲಿ ವೀರ್ಯ ಹತ್ತು ದಿನಗಳಷ್ಟಾದರೂ ಉಳಿದು ಮೊಟ್ಟೆಗಳನ್ನು ಫಲಿತಗೊಳಿಸುತ್ತಿರುವುದರಿಂದ, ಮರಿ ಬೇಕೆನಿಸಿದಾಗ ಪರಿಚಿತರ ಆರೋಗ್ಯವಂತ ಹುಂಜವನ್ನು ಒಂದು ವಾರ ತಂದು ಬಿಟ್ಟುಕೊಂಡು ಹಿಂದಿರುಗಿಸಿದರೂ ಕಾವಿಗೆ ಸಾಕಾಗುವಷ್ಟು ಮೊಟ್ಟೆಗಳು ಸಿಗುತ್ತವೆ. ಅದೂ ಬೇಡವೆಂದರೆ, ಹಳ್ಳಿಯ ನೆಂಟರ ಮನೆಯಿಂದ ಹುಂಜವಿರುವ ಹಿಂಡಿನ ಮೊಟ್ಟೆಗಳನ್ನು ತಂದು ನಿಮ್ಮ ಹೇಂಟೆಗೇ ಕಾವು ಕೂರಿಸಿ. 21 ದಿನಗಳಲ್ಲಿ ಪಿಳ್ಳೆಗಳು ಹೊರಬರುತ್ತವೆ. ಏಳೇ ಹೇಂಟೆಗಳಿರುವ ಬಡಾವಣೆಯ ಮನೆಗೆ ನಾನು ಸೂಚಿಸುವುದು ಈ ದಾರಿಯನ್ನೇ.

ಹುಂಜವನ್ನು ಇಟ್ಟುಕೊಳ್ಳಲೇಬೇಕೆಂದಿದ್ದರೆ, ಅದು ಕೂಗುವುದೇಕೆ ಎಂಬುದನ್ನು ತಿಳಿದಿರಬೇಕು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗಲು ರಾತ್ರಿಗಳ ಭೇದವಿಲ್ಲದೆ ಸದಾ ಮಂದ ಬೆಳಕಿನಲ್ಲಿಟ್ಟ ಹುಂಜಗಳೂ ಬೆಳಗಾಗುವ ವೇಳೆಗೆ ಕೂಗಿದವು. ಅಂದರೆ ಆ ಗಡಿಯಾರ ಅವುಗಳ ಮೈಯೊಳಗೇ ಇದೆ. ನಮ್ಮ ಹಿರಿಯರು ‘ಮೊದಲ ಕೋಳಿ ಕೂಗುವ ಹೊತ್ತು’ ಎಂದು ವೇಳೆ ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಹಿಂಡಿನಲ್ಲಿ ಮೇಲುಗೈ ಪಡೆದ ಹುಂಜ ಮೊದಲು ಕೂಗುತ್ತದೆ, ಅದನ್ನು ತೆಗೆದರೆ ಎರಡನೆಯದು ಆ ಸ್ಥಾನ ಹಿಡಿಯುತ್ತದೆ ಎಂಬುದನ್ನು ಅದೇ ತಂಡ 2015ರಲ್ಲಿ ತೋರಿಸಿತು. ಆದ್ದರಿಂದ ಒಂದಕ್ಕಿಂತ ಹೆಚ್ಚು ಹುಂಜ ಇಡಬೇಡಿ. ಮರಿಗಳಲ್ಲಿ ಅರ್ಧದಷ್ಟು ಗಂಡೇ ಆಗುವುದರಿಂದ, ಅವು ನಾಲ್ಕೈದು ತಿಂಗಳಿಗೆ ಕೂಗು ಕಲಿಯುವ ಮುನ್ನವೇ ವಿಲೇವಾರಿ ಮಾಡಿ.

ಒಳಗಿನ ಗಡಿಯಾರವನ್ನು ನಿಲ್ಲಿಸಲಾಗದಿದ್ದರೂ, ಬೀದಿದೀಪ, ವಾಹನದ ಬೆಳಕು, ನಾಯಿಯ ಓಡಾಟಗಳಿಂದ ಹೆಚ್ಚುವ ಕೂಗನ್ನು ತಗ್ಗಿಸಬಹುದು. ಬೀದಿಯ ಕಡೆಗಿರುವ ಜಾಲರಿಗೆ ಗೋಣಿಚೀಲ ಇಳಿಬಿಡಿ. ಹುಂಜ ಮರವನ್ನೋ ತಾರಸಿಯನ್ನೋ ಹತ್ತಿ ಮಲಗದಂತೆ ನೋಡಿಕೊಳ್ಳಿ. ಹುಂಜ ಕೂಗುವುದನ್ನು ಹತ್ತಿರದಿಂದ ಗಮನಿಸಿದ್ದೀರಾದರೆ, ಅದು ಕಾಲೂರಿ ನಿಂತು, ಎದೆ ಮುಂದೆ ತಂದು, ಕುತ್ತಿಗೆಯನ್ನು ನೀಳವಾಗಿ ಮೇಲಕ್ಕೆ ಚಾಚಿದ ಮೇಲೆಯೇ ದನಿ ತೆಗೆಯುವುದು ಕಂಡಿರುತ್ತದೆ. ಈ ಕಾರಣದಿಂದ, ನಿಂತಾಗ ಜುಟ್ಟು ಸೂರಿಗೆ ತಾಗದಷ್ಟು ಎತ್ತರವಿದ್ದು, ಕುತ್ತಿಗೆ ಚಾಚಲು ಎಡೆಯಿರದಂತಹ ಮರದ ಪೆಟ್ಟಿಗೆಯಲ್ಲಿ ರಾತ್ರಿ ಮಾತ್ರ ಇರಿಸುವ ಪದ್ಧತಿ ಬಹುಮಟ್ಟಿಗೆ ಫಲ ಕೊಡುತ್ತದೆ. ಎದುರುಬದುರಾಗಿ ಗಾಳಿಕಿಂಡಿಗಳಿರಲಿ, ಬೆಳಗ್ಗೆ ಮರೆಯದೆ ಹೊರಬಿಡಿ, ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಇದನ್ನು ಕೈಬಿಡಿ.

ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರುವುದು ಗೂಡಿನ ಜಾಗ. ಒಂದು ಮೀಟರ್ ಅಂತರದಲ್ಲಿ ಹುಂಜದ ಕೂಗು 100 ಡೆಸಿಬಲ್ ದಾಟಬಲ್ಲುದು. ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 2000ದ ಶಬ್ದಮಾಲಿನ್ಯ ನಿಯಮಗಳು ಸೂಚಿಸುವ ಮಿತಿ 45 ಡೆಸಿಬಲ್. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬಲ್ ತಗ್ಗುವುದರಿಂದ, ಪಕ್ಕದವರ ಕಿಟಕಿಯಿಂದ ಎರಡು ಮೀಟರ್ ದೂರದಲ್ಲಿರುವ ಗೂಡನ್ನು ಎಂಟು ಮೀಟರಿಗೆ ಸರಿಸಿದರೆ 12 ಡೆಸಿಬಲ್ ಇಳಿಯುತ್ತದೆ. ನಡುವೆ ಮನೆಯ ಗೋಡೆಯೇ ಅಡ್ಡಬಂದರೆ ಇನ್ನೂ ಒಳ್ಳೆಯದು. ಕೇರಳದ ಅಡೂರಿನಲ್ಲಿ ಇಂಥದೇ ದೂರು 2025ರಲ್ಲಿ ಕಂದಾಯ ಅಧಿಕಾರಿಯವರೆಗೆ ಹೋದಾಗ, ಅವರು ಆದೇಶಿಸಿದ್ದೂ ಮಹಡಿಯ ಮೇಲಿದ್ದ ಗೂಡನ್ನು ಬೇರೆ ಕಡೆಗೆ ಸ್ಥಳಾಂತರಿಸಬೇಕೆಂದೇ.

ಇಷ್ಟಾದ ಮೇಲೂ ಹುಂಜ ಬದಲಿಸುವುದಾದರೆ ಸಂತೆಯಲ್ಲಿ ಆರಿಸಬೇಡಿ. ಅಲ್ಲಿ ಮೌನವಾಗಿ ಕುಳಿತ ಹುಂಜ ಬಹುಪಾಲು ಸಾಧು ಸ್ವಭಾವದ್ದಲ್ಲ, ಕಾಯಿಲೆಯದು. ಜುಟ್ಟು ಕಪ್ಪಾಗಿ, ಮೂಗು ಸೋರುತ್ತಿದ್ದರಂತೂ ಮುಟ್ಟಲೇಬೇಡಿ, ಕೊಕ್ಕರೆ ರೋಗ ನಿಮ್ಮ ಹಿಂಡನ್ನೆಲ್ಲ ಬಲಿ ತೆಗೆದುಕೊಂಡೀತು. ಸಾಕಿದವರ ಮನೆಗೇ ನಸುಕಿನಲ್ಲಿ ಹೋಗಿ, ಏಳೆಂಟು ತಿಂಗಳು ತುಂಬಿದ ಹುಂಜದ ಕೂಗನ್ನು ಕಿವಿಯಾರೆ ಕೇಳಿ, ತಂದ ಮೇಲೆ ಎರಡು ಮೂರು ವಾರ ಬೇರೆಯಾಗಿರಿಸಿ.

ಪ್ರಶ್ನೆ: ಕೂಗು ತಡೆಯುವ ಕುತ್ತಿಗೆಪಟ್ಟಿಯನ್ನು ಆನ್‌ಲೈನಿನಲ್ಲಿ ಕಂಡೆ. ಬಳಸಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ; ಬಿಸಿಲಿನಲ್ಲಿ ಅದು ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಕುತ್ತಿಗೆ ಬಿಗಿದರೆ ಅದಕ್ಕೂ ಮೇವು ನುಂಗುವುದಕ್ಕೂ ಅಡ್ಡಿಯಾಗುತ್ತದೆ, ಸಡಿಲ ಬಿಟ್ಟರೆ ಕೂಗು ನಿಲ್ಲುವುದಿಲ್ಲ. ಪಟ್ಟಿಯೊಳಗೆ ಕಾಲುಗುರು ಸಿಕ್ಕಿಕೊಂಡು ಹುಂಜ ಉಸಿರುಗಟ್ಟುವ ಅಪಾಯವೂ ಇದೆ. ಆ ದುಡ್ಡಿಗೆ ಮೇಲೆ ಹೇಳಿದ ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸಿಕೊಳ್ಳಿ.