ಹಾರ್ಮೋನಿಯಂ ವಿಮಾನದಲ್ಲಿ ಒಯ್ಯಲು ಯಾವ ಕೇಸ್ ಒಳ್ಳೆಯದು?

ಕುಮಟಾದಿಂದ ದೆಹಲಿಯ ಕಾರ್ಯಕ್ರಮಕ್ಕೆ ಸ್ಕೇಲ್ ಚೇಂಜರ್ (ಕೀಬೋರ್ಡು ಸರಿಸಿ ಶ್ರುತಿ ಬದಲಿಸುವ) ಹಾರ್ಮೋನಿಯಂ, ಜೊತೆಗೊಂದು ತಂಬೂರಿ, ಎರಡನ್ನೂ ವಿಮಾನದಲ್ಲಿ ಒಯ್ಯಬೇಕು, ಯಾವ ಕೇಸ್ ಕೊಳ್ಳಲಿ ಎಂದು ಕೇಳಿದ್ದೀರಿ. ಶಿರಸಿಯಿಂದ ನಾನೂ ಒಮ್ಮೆ ಹೀಗೇ ಹೊರಟವನು. ಕೇಸಿಗೆ ಒಂದು ಗೀರೂ ಬೀಳಲಿಲ್ಲ. ಕೆಟ್ಟದ್ದು ಒಳಗೆ, ಕೆಡಿಸಿದ್ದು ನಾನೇ ತುಂಬಿದ ಥರ್ಮಾಕೋಲ್.

ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಥರ್ಮಾಕೋಲನ್ನು ಮುರಿದು ಮುರಿದು ಸಂದಿಗಳಿಗೆ ತುರುಕಿದ್ದೆ. ಬಿಗಿಯಾಗಿ ಕೂತಿತ್ತು, ಅಲುಗಾಡಿಸಿದರೆ ಸದ್ದಿಲ್ಲ. ಆದರೆ ಮುರಿದ ಥರ್ಮಾಕೋಲಿನ ಅಂಚು ಹುಬ್ಬಳ್ಳಿ ರಸ್ತೆಯ ಕುಲುಕಾಟಕ್ಕೇ ಉದುರಲು ಶುರುವಾಗುತ್ತದೆ. ಉದುರಿದ ಪುಡಿ ಕೆಳಗೆ ಬಿದ್ದು ಸುಮ್ಮನಿರುವುದಿಲ್ಲ, ವಿದ್ಯುತ್ ಹಿಡಿದುಕೊಂಡು ಸಿಕ್ಕಲ್ಲೆಲ್ಲ ಅಂಟುತ್ತದೆ. ಹಾರ್ಮೋನಿಯಂ ತಿದಿಯ ಹೊರ ಹಲಗೆಯಲ್ಲಿ ಗಾಳಿ ಎಳೆದುಕೊಳ್ಳುವ ತೂತುಗಳಿವೆಯಲ್ಲ, ಅದರ ಸುತ್ತ ಹಿಟ್ಟು ಬಳಿದ ಹಾಗೆ ಅಂಟಿತ್ತು. ಮೇಲೆ ಮಾತ್ರ ಒರೆಸಿ, ವೇದಿಕೆಯ ಮೇಲಿಟ್ಟು ಮೊದಲ ಸಲ ತಿದಿ ಹಾಕಿದೆ. ಆ ಒಂದು ಎಳೆತಕ್ಕೆ ಪುಡಿಯೆಲ್ಲ ಚರ್ಮದ ಕವಾಟ ದಾಟಿ ಒಳಗಿನ ಗಾಳಿಪೆಟ್ಟಿಗೆಗೆ, ಅಲ್ಲಿಂದ ಸ್ವರ ನುಡಿಸುವ ರೀಡುಗಳ ಕೆಳಕ್ಕೆ. ಹಿತ್ತಾಳೆ ನಾಲಿಗೆಗೂ ಅದರ ಚೌಕಟ್ಟಿಗೂ ನಡುವೆ ಇರುವುದು ತೆಳು ಕಾಗದದಷ್ಟು ಸಂದಿ. ಅಲ್ಲಿ ಸಾಸಿವೆಯ ಕಾಲುಭಾಗದಷ್ಟು ಚೂರು ಸಿಕ್ಕಿಕೊಂಡರೂ ನಾಲಿಗೆ ಅಲುಗುವುದಿಲ್ಲ. ಸ್ವರ ಇಲ್ಲ.

ಅವತ್ತು ಹಾಡುವವರ ಶ್ರುತಿ ಕಪ್ಪು ಒಂದು, ಅಂದರೆ ಸಪ್ತಕದ ಮೊದಲ ಕಪ್ಪು ಕೀಲಿಮನೆ. ಮೂಕವಾದದ್ದು ಕಪ್ಪು ನಾಲ್ಕು, ಅಂದರೆ ಅವರ ಪಂಚಮ. ಆ ಮನೆಗೆ ಖರ್ಜದ, ಅಂದರೆ ತಗ್ಗು ಸ್ವರದ ಸಾಲಿನ ರೀಡು ಮಾತ್ರ ನುಡಿಯುತ್ತಿತ್ತು, ಮೇಲಿನ ಸಾಲಿನದು ಸತ್ತಿತ್ತು. ಸ್ಕೇಲ್ ಚೇಂಜರ್ ಅಲ್ಲವೇ, ಕೀಲಿಮನೆ ಸರಿಸಿದರಾಯಿತು ಅನಿಸಬಹುದು. ಸರಿಯುವುದು ಕೀಬೋರ್ಡು, ರೀಡು ಅಲ್ಲ. ಯಾವ ಮನೆಗೆ ಸರಿಸಿದರೂ ಹಾಡುವವರ ಪಂಚಮ ಅದೇ ರೀಡಿನಿಂದಲೇ ಬರಬೇಕು. ಜೋರಾಗಿ ತಿದಿ ಹಾಕಿದರೆ ಚೂರು ಹಾರಿಹೋಗಬಹುದೆಂದು ಹಾಕಿದೆ. ಅದು ಪಕ್ಕದ ರೀಡಿಗೆ ಹೋಗಿ ಕೂತಿತು. ಮರುದಿನ ರೀಡಿನ ಹಲಗೆ ಬಿಚ್ಚಿ, 42 ಮನೆ, ಎರಡು ಸಾಲು, 84 ನಾಲಿಗೆಗಳ ಕೆಳಗೂ ತೆಳು ಕಾಗದದ ಪಟ್ಟಿ ಆಡಿಸಿ ತೆಗೆದದ್ದಾಯಿತು. ಕಾಗದ ಬುಡದಿಂದ ತುದಿಯ ಕಡೆಗೆ ಎಳೆಯಬೇಕು. ನಾಲಿಗೆ ಮೇಲೆತ್ತಿದರೆ ಶ್ರುತಿ ಇಳಿದೀತು ಎನ್ನುವ ಹೆದರಿಕೆ ಬೇರೆ.

ಹಾಗಾಗಿ ಯಾವ ಕಂಪನಿಯ ಕೇಸ್ ಎನ್ನುವುದು ನನ್ನ ಮಟ್ಟಿಗೆ ಎರಡನೇ ಪ್ರಶ್ನೆ. ಊರಿನ ಆಚಾರಿಯ ಕೈಲಿ 6 ಮಿ.ಮೀ. ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಅಂಚಿಗೆ ಅಲ್ಯುಮಿನಿಯಂ ಪಟ್ಟಿ ಹೊಡೆಸಿ. ಹೊರ ಅಳತೆ 72, 48, 38 ಸೆಂ.ಮೀ. ಮೂರೂ ಕೂಡಿದರೆ 158. ಸಾಮಾನ್ಯವಾಗಿ ವಿಮಾನ ಕಂಪನಿಗಳು ಒಂದು ನಗಕ್ಕೆ, ಅಂದರೆ ಒಂದು ಲಗೇಜಿಗೆ, ಇಟ್ಟಿರುವ ಮಿತಿಯೇ ಅದು, ಮೀರಿದರೆ ಬೇರೆ ದರ. ಮಡಚಿದ ಸ್ಕೇಲ್ ಚೇಂಜರ್ ಸುಮಾರು 61, 36, 25 ಇರುತ್ತದೆ, ಸುತ್ತಲೂ 5 ಸೆಂ.ಮೀ. ಮೆತ್ತೆಗೆ ಜಾಗ ಸಿಗುತ್ತದೆ. ನಿಮ್ಮದನ್ನು ಅಳೆದು ಹೊಂದಿಸಿಕೊಳ್ಳಿ. 9 ಮಿ.ಮೀ. ಹಲಗೆ ಬೇಡ. ಬರೀ ಹಲಗೆಯೇ 9-10 ಕೆ.ಜಿ. ಆಗುತ್ತದೆ, 6 ಮಿ.ಮೀ.ನದ್ದು ಆರು ಚಿಲ್ಲರೆ. ವಾದ್ಯ 14 ಕೆ.ಜಿ. ಹಿಡಿದರೂ ಚಿಲಕ, ಹಿಡಿಕೆ, ಮೆತ್ತೆ ಸೇರಿ 23-24ಕ್ಕೆ ಬರುತ್ತದೆ. ದೇಶದೊಳಗೆ ಸಾಮಾನ್ಯವಾಗಿ ಉಚಿತ 15 ಕೆ.ಜಿ., ಉಳಿದದ್ದಕ್ಕೆ ಮೊದಲೇ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ, ಕೌಂಟರಿನಲ್ಲಿ ಕಟ್ಟಿದರೆ ಹೆಚ್ಚು. ಎಷ್ಟೇ ದುಡ್ಡು ಕೊಟ್ಟರೂ 32 ಕೆ.ಜಿ. ಮೀರಿದ ಒಂದೇ ನಗ ಲಗೇಜಿನಲ್ಲಿ ಹೋಗುವುದಿಲ್ಲ. ಕಾರ್ಗೋಗೆ ಹಾಕುತ್ತೇನೆಂದರೆ ಅಲ್ಲಿ ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದರ. ಗಾತ್ರದ ತೂಕಕ್ಕೆ ಮೂರೂ ಅಳತೆ ಗುಣಿಸಿ 6000ದಿಂದ ಭಾಗಿಸುತ್ತಾರೆ, ಈ ಪೆಟ್ಟಿಗೆಗೆ ಸುಮಾರು 22.

ಮೆತ್ತೆಗೆ ಇ.ಪಿ.ಇ. ಫೋಮ್, ಅಂದರೆ ಹಿಸುಕಿದರೂ ಉದುರದ ಬಿಳಿ ಹಾಳೆ. ಗಾದಿಯ ಸ್ಪಂಜು ಬೇಡ: 14 ಕೆ.ಜಿ. ಕೂತರೆ ಅದು ಅಲ್ಲಿಯೇ ಚಪ್ಪಟೆ, ಬಿದ್ದ ಪೆಟ್ಟು ನೇರ ಮರಕ್ಕೆ. ಮೊದಲು ವಾದ್ಯವನ್ನು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಆಮೇಲೆ ಫೋಮ್. ತಿದಿಯ ಕೊಂಡಿ ಹಾಕಿ, ಮೇಲೊಂದು ಬಟ್ಟೆಪಟ್ಟಿ ಕಟ್ಟಿ. ಗಾಳಿ ಬಿಡುವ ಸ್ಟಾಪರುಗಳನ್ನು ಒಳಗೆ ತಳ್ಳಿ, ಒಂದು ಮನೆ ಒತ್ತಿದರೆ ಸಪ್ತಕದಾಚೆಯ ಜೋಡಿಯನ್ನೂ ಒತ್ತುವ ಕಪ್ಲರ್ ಬಿಡಿಸಿ. ಕೀಬೋರ್ಡ್ ಸರಿಯುವ ಚೌಕಟ್ಟನ್ನು ಅದರ ಕಚ್ಚಿನಲ್ಲಿ ಸರಿಯಾಗಿ ಕೂರಿಸಿ, ಎರಡೂ ತುದಿಯ ಮರದ ಮೇಲೆ ಮಾತ್ರ ಫೋಮಿನ ತುಂಡಿಟ್ಟು ಮುಚ್ಚಳ ಹಾಕಿ. ಕೀಲಿಮನೆಗಳ ಮೇಲೆ ಉದ್ದಕ್ಕೂ ಮೆತ್ತೆ ಹಾಕಿ ಮುಚ್ಚಳ ಒತ್ತುವವರನ್ನು ನೋಡಿದ್ದೇನೆ. ಮನೆ ಒತ್ತಿಕೊಂಡೇ ಇದ್ದರೆ ಒಳಗಿನ ಮುಚ್ಚಳಗಳು ದಾರಿಯುದ್ದಕ್ಕೂ ತೆರೆದೇ ಇರುತ್ತವೆ, ಧೂಳಿಗೆ ಬಾಗಿಲು ತೆರೆದಿಟ್ಟ ಹಾಗೆ, ಸ್ಪ್ರಿಂಗೂ ಸೋಲುತ್ತದೆ.

ಪೆಟ್ಟಿಗೆಗೆ ಮೊಳೆ, ಸ್ಕ್ರೂ ಹೊಡೆದು ಮುಚ್ಚಬೇಡಿ. ಸಾಲುಸಾಲು ಹಿತ್ತಾಳೆ ಕಂಡರೆ ಸ್ಕ್ಯಾನರಿನವರು ತೆರೆಯಲು ಹೇಳುವ ಸಾಧ್ಯತೆ ಇದ್ದೇ ಇದೆ. ಚಿಲಕ ಸಾಕು. ಮುಚ್ಚಳದ ಒಳಗೆ, ವಾದ್ಯ ಹೇಗೆ ಕೂರಬೇಕೆಂಬ ಫೋಟೋ ಅಂಟಿಸಿ, ಯಾವ ಕಡೆ ಮೇಲೆ ಎಂದು ಇಂಗ್ಲಿಷ್, ಹಿಂದಿಯಲ್ಲಿ ಬರೆಯಿರಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕು ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕುವಂತಿಲ್ಲ. ನಾಜೂಕು ಸಾಮಾನು ಎಂದರೆ ಕೌಂಟರಿನಲ್ಲಿ ಲಿಮಿಟೆಡ್ ರಿಲೀಸ್ ಎಂಬ ಚೀಟಿಗೆ ಸಹಿ ಕೇಳಬಹುದು: ಮುರಿದರೆ ಹೊಣೆ ಕಂಪನಿಯದಲ್ಲ ಎಂದು ನೀವೇ ಒಪ್ಪಿಕೊಟ್ಟ ಹಾಗೆ. ಓದಿ ಸಹಿ ಮಾಡಿ. ಫ್ರಜೈಲ್ ಸ್ಟಿಕರ್ ಬೇಕಾದರೆ ಅಂಟಿಸಿ, ಲಗೇಜಿನ ಬೆಲ್ಟಿಗೆ ಓದಲು ಬರುವುದಿಲ್ಲ.

ತಂಬೂರಿ ಬಿಟ್ಟುಬಿಡಿ. ಸೋರೆಬುರುಡೆಗೆ ಯಾವ ಮೆತ್ತೆ ಹಾಕಿದರೂ ಕುತ್ತಿಗೆಯ ಸೇರುವೆಗೆ ಉಪಾಯವಿಲ್ಲ, ಅದರ ಉದ್ದಕ್ಕೆ 158ರ ಲೆಕ್ಕವೂ ಕೂಡುವುದಿಲ್ಲ. ದೆಹಲಿಯಲ್ಲಿ ತಂಬೂರಿ ಇರುವ ಮನೆಗಳಿಗೆ ಬರವಿಲ್ಲ, ಸಂಘಟಕರ ಹತ್ತಿರ ಒಂದು ತರಿಸಿಡಲು ಹೇಳಿ. ಒಯ್ಯಲೇಬೇಕೆಂದಿದ್ದರೆ ಪಕ್ಕದ ಸೀಟನ್ನು ಅದಕ್ಕೇ ಕೊಳ್ಳುವ ವ್ಯವಸ್ಥೆ ಕೆಲವು ಕಂಪನಿಗಳಲ್ಲಿದೆ, ಟಿಕೆಟ್ ಮಾಡುವ ಮೊದಲು ಫೋನಿನಲ್ಲಿ ಅಳತೆ ಹೇಳಿ ಕೇಳಿ.

ನಿಜ ಹೇಳಬೇಕೆಂದರೆ ಎರಡು ದಿನ ಕೈಯಲ್ಲಿದ್ದರೆ ನೀವು ವಿಮಾನವನ್ನೇ ಹತ್ತಬಾರದು. ನಿಮಗೆ ಗೋವಾ ಆದರೂ ಹುಬ್ಬಳ್ಳಿ ಆದರೂ ಮೊದಲು ಕಾರು. ಹುಬ್ಬಳ್ಳಿಗಾದರೆ ಘಾಟಿಯ ತಿರುವು ಬೇರೆ. ಮಂಗಲಾ ಎಕ್ಸ್‌ಪ್ರೆಸ್ ಕಾರವಾರದಿಂದ ನೇರ ನಿಜಾಮುದ್ದೀನಿಗೆ ಹೋಗುತ್ತದೆ. ಹಾರ್ಮೋನಿಯಂ ಬಟ್ಟೆಚೀಲದಲ್ಲಿ ಸೀಟಿನಡಿ, ನಿಮ್ಮ ಕಾಲಿನ ಹತ್ತಿರ. ಯಾರೂ ಎಸೆಯುವುದಿಲ್ಲ.

ವಿಮಾನವೇ ಎಂದಾದರೆ ಇನ್ನೊಂದು. ವಿಮಾನದ ಹೊಟ್ಟೆಯಲ್ಲಿ ಗಾಳಿ ಇರುವುದಿಲ್ಲ, ವಾದ್ಯ ಒಡೆದುಹೋಗುತ್ತದೆ ಎನ್ನುವ ಮಾತು ನಂಬಬೇಡಿ. ಮೇಲೆ ಕೂತವರಿಗಿರುವ ಒತ್ತಡವೇ ಅಲ್ಲೂ ಇರುತ್ತದೆ. ತೊಂದರೆ ಕೊಡುವುದು ತೇವ. ಆಷಾಢದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು. ಆ ಹವೆಯನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿದರೆ ತಂಪಿಗೆ ನೀರಾಗಿ ರೀಡಿನ ಮೇಲೆ ಕೂರುತ್ತದೆ, ಹಿತ್ತಾಳೆ ಕಿಲುಬು ಹಿಡಿಯುತ್ತದೆ. ಹಿಂದಿನ ದಿನ ಒಣಗಿದ ಕೋಣೆಯಲ್ಲಿಡಿ, ಪೆಟ್ಟಿಗೆಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಹಾಕಿ, ಪ್ಲಾಸ್ಟಿಕ್ ಸುತ್ತಬೇಡಿ. ಬರುವಾಗ ಇನ್ನೂ ಜಾಗ್ರತೆ: ತಣ್ಣಗಾದ ವಾದ್ಯ ಗೋವಾದ ಸೆಕೆಗೆ ಇಳಿಯುತ್ತದೆ. ಮನೆಗೆ ಬಂದು ಎರಡು-ಮೂರು ತಾಸು ಪೆಟ್ಟಿಗೆ ತೆರೆಯದೆ ಇಡಿ. ತೆರೆದ ಮೇಲೂ ಮೊದಲು ತಿದಿಯ ತೂತುಗಳ ಸುತ್ತ ಒಣ ಬಣ್ಣದ ಕುಂಚ ಆಡಿಸಿ, ಆಮೇಲೆ ತಿದಿ ಹಾಕಿ.

ಪೆಟ್ಟಿಗೆ ಹೊರಗಿನಿಂದಲೇ ಒಡೆದಿದ್ದರೆ ಮಾತ್ರ ಇಷ್ಟು ಕಾಯಬೇಡಿ. ಬೆಲ್ಟಿನ ಹತ್ತಿರವೇ ಫೋಟೋ ತೆಗೆದು, ಅಲ್ಲಿಯ ಕೌಂಟರಿನಲ್ಲಿ ಪಿ.ಐ.ಆರ್. ಎಂಬ ಲಗೇಜು ಹಾನಿಯ ವರದಿ ಬರೆಸಿ, ಅದರ ನಂಬರ್ ತೆಗೆದುಕೊಂಡೇ ಹೊರಗೆ ಬನ್ನಿ. ಹೊರದೇಶದ ಪ್ರಯಾಣವಾದರೆ ಬರಹದ ದೂರಿಗೆ 7 ದಿನ ಅವಕಾಶವಿದೆ, ಆದರೆ ಬಾಗಿಲು ದಾಟಿದ ಮೇಲೆ ಎಲ್ಲಿ ಒಡೆಯಿತು ಎನ್ನುವ ವಾದದಲ್ಲಿ ನೀವು ಗೆಲ್ಲುವುದು ಕಷ್ಟ.